ಸಮುದ್ರ ನೀಲಿ ಇರೋದು ರಾಮನ್ ಎಫೆಕ್ಟ್‌ನಿಂದ ಅಲ್ಲ ಅಂದ್ಮೇಲೆ ನೊಬೆಲ್ ಬಂದಿದ್ದು ಯಾತಕ್ಕೆ?

ಪ್ರಶ್ನೆ: ಸರ್, ನಾನು ಬಿಎಸ್ಸಿ ಓದ್ತಿದೀನಿ. ಸಿ.ವಿ. ರಾಮನ್ ಅಂದ್ರೆ ಸಮುದ್ರ ಯಾಕೆ ನೀಲಿ ಅಂತ ಕಂಡುಹಿಡಿದವರು ಅಂತ ಚಿಕ್ಕಂದಿನಿಂದ ಕೇಳ್ಕೊಂಡು ಬಂದಿದೀನಿ. ಈಗ ನೋಡಿದ್ರೆ ನೀರಿನ ನೀಲಿಗೂ ರಾಮನ್ ಎಫೆಕ್ಟ್‌ಗೂ ಸಂಬಂಧಾನೇ ಇಲ್ಲ ಅಂತಾರೆ. ಕೆಲಸ ಎಲ್ಲ ಮಾಡಿದ್ದು ಅವರ ಶಿಷ್ಯ ಕೃಷ್ಣನ್, ಹೆಸರು ಮಾತ್ರ ರಾಮನ್‌ಗೆ ಹೋಯ್ತು ಅಂತಾನೂ ಹೇಳ್ತಾರೆ. ಯಾವುದು ನಿಜ? ಇವತ್ತಿಗೆ ಅದರಿಂದ ಏನಾದ್ರೂ ಉಪಯೋಗ ಇದೆಯಾ, ಇಲ್ಲ ಬರೀ ಫೆಬ್ರವರಿ 28ರ ವಿಜ್ಞಾನ ದಿನದ ಭಾಷಣಕ್ಕೆ ಮಾತ್ರಾನಾ? ಪ್ರಾಜೆಕ್ಟ್ ಮಾಡೋಣ ಅಂತ ಕೇಳ್ತಿದೀನಿ.

ಉತ್ತರ: ನೀವು ಕೇಳಿದ್ದು ನನಗೆ ಖುಷಿ ಆಯ್ತು, ಯಾಕಂದ್ರೆ ನಾನು ಸುಮಾರು ವರ್ಷದಿಂದ ದಿನಾ ರಾಮನ್ ಸ್ಪೆಕ್ಟ್ರೋಮೀಟರ್ ಮುಂದೆ ಕೂತು ಕೆಲಸ ಮಾಡೋನು, ಆದ್ರೂ ಫೆಬ್ರವರಿ ಕೊನೆಗೆ ಯಾರಾದ್ರೂ ಭಾಷಣಕ್ಕೆ ಕರೆದ್ರೆ "ಸರ್, ಆ ಹಡಗಿನ ಕಥೆ ಹೇಳಿ ಸಾಕು" ಅಂತಾರೆ. ಹಡಗಿನ ಕಥೆ ಸುಳ್ಳಲ್ಲ, ಆದ್ರೆ ಅದು ಕಥೆಯ ಶುರು ಅಷ್ಟೇ, ನೊಬೆಲ್ ಬಂದಿದ್ದು ಅದಕ್ಕಲ್ಲ. ಅಣುಗಳಿಂದ ಚದುರೋವಾಗ ಸ್ವಲ್ಪ ಬೆಳಕಿನ ಬಣ್ಣಾನೇ ಬದಲಾಗುತ್ತೆ ಅಂತ ಕಂಡುಹಿಡಿದಿದ್ದಕ್ಕೆ, ಅದೇ ರಾಮನ್ ಎಫೆಕ್ಟ್.

ಮೊದಲು ಆ ನೀಲಿ ವಿಷಯ ಮುಗಿಸಿಬಿಡೋಣ. 1921ರಲ್ಲಿ ರಾಮನ್ ಮೊದಲ ಸಲ ವಿದೇಶಕ್ಕೆ ಹೋಗಿದ್ರು, ಆಕ್ಸ್‌ಫರ್ಡ್‌ನಲ್ಲಿ ಯೂನಿವರ್ಸಿಟಿಗಳ ಒಂದು ಸಮ್ಮೇಳನ ಇತ್ತು. ವಾಪಸ್ ಬರ್ತಾ ನಾರ್ಕುಂಡಾ ಅನ್ನೋ ಹಡಗಲ್ಲಿ ಮೆಡಿಟರೇನಿಯನ್ ದಾಟೋವಾಗ ಆ ಗಾಢ ನೀಲಿ ನೋಡಿದ್ರು. ಆಗ ದೊಡ್ಡವರ ಮಾತು ಏನಿತ್ತು ಅಂದ್ರೆ, ಸಮುದ್ರದ ನೀಲಿ ಅನ್ನೋದು ಆಕಾಶದ ನೀಲಿ ನೀರಲ್ಲಿ ಪ್ರತಿಫಲಿಸಿ ಕಾಣೋದು ಅಷ್ಟೇ ಅಂತ, ಹೇಳಿದ್ದು ಯಾರೋ ಸಾಮಾನ್ಯರಲ್ಲ, ಇಂಗ್ಲೆಂಡಿನ ದೊಡ್ಡ ಭೌತವಿಜ್ಞಾನಿ ಲಾರ್ಡ್ ರ್‍ಯಾಲೆ. ರಾಮನ್ ಹತ್ರ ಒಂದು ನಿಕೋಲ್ ಪ್ರಿಸಂ ಇತ್ತು, ಜೇಬಲ್ಲಿ ಇಟ್ಕೊಳ್ಳೋಷ್ಟು ಚಿಕ್ಕದು, ಅದು ಪೋಲರೈಸ್ ಆದ, ಅಂದ್ರೆ ಒಂದೇ ದಿಕ್ಕಲ್ಲಿ ಕಂಪಿಸೋ ಬೆಳಕನ್ನ ತಡೆಯುತ್ತೆ. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸಿ ಬರೋ ಬೆಳಕು ಪೂರ್ತಿ ಪೋಲರೈಸ್ ಆಗಿರುತ್ತೆ, ಹಾಗಾಗಿ ಆ ಕೋನದಲ್ಲಿ ನಿಂತು ಪ್ರಿಸಂ ತಿರುಗಿಸಿದ್ರೆ ಆಕಾಶದ ಪ್ರತಿಬಿಂಬ ಕಟ್ ಆಗ್ಬೇಕು. ಕಟ್ ಆಯ್ತು, ಆದ್ರೆ ನೀಲಿ ಹೋಗ್ಲಿಲ್ಲ, ಇನ್ನೂ ಗಾಢ ಆಯ್ತು! ಅಂದ್ರೆ ಬಣ್ಣ ನೀರಿನ ಒಳಗಿಂದಾನೇ ಬರ್ತಿದೆ. ಬಾಂಬೆ ಬಂದರಿಂದಾನೇ ನೇಚರ್ ಪತ್ರಿಕೆಗೆ ಬರೆದು ಕಳಿಸಿದ್ರು.

ನೀರಿನ ಅಣುಗಳೇ ಬೆಳಕನ್ನ ಚದುರಿಸ್ತವೆ ಅನ್ನೋದು ಅವರ ವಾದ. ಅದು ಸರೀನೇ, ಆದ್ರೆ ಪೂರ್ತಿ ಉತ್ತರ ಅಲ್ಲ. ನೀರು ಕೆಂಪು ಬೆಳಕನ್ನ ಸ್ವಲ್ಪ ಸ್ವಲ್ಪವಾಗಿ ಹೀರ್ಕೊಳ್ಳುತ್ತೆ, ಲೋಟದಲ್ಲಿ ಗೊತ್ತಾಗಲ್ಲ, ಆಳ ಜಾಸ್ತಿ ಆದಂಗೆ ಕೆಂಪು ಖಾಲಿಯಾಗಿ ನೀಲಿ ಉಳಿಯುತ್ತೆ, ಆ ಉಳಿದಿದ್ದು ಚದುರಿ ವಾಪಸ್ ನಮ್ಮ ಕಣ್ಣಿಗೆ ಬರುತ್ತೆ. ಎರಡೂ ಸೇರಿ ಸಮುದ್ರದ ನೀಲಿ. ಇಲ್ಲೆಲ್ಲೂ ರಾಮನ್ ಎಫೆಕ್ಟ್ ಬರಲ್ಲ. ಒಂದು ತಮಾಷೆ ಮಾತ್ರ ಇದೆ: ನೀರು ಕೆಂಪನ್ನ ಯಾಕೆ ಹೀರುತ್ತೆ ಅಂದ್ರೆ ಅದರ ಆಕ್ಸಿಜನ್ ಹೈಡ್ರೋಜನ್ ಬಂಧದ ಕಂಪನದಿಂದ, ಮತ್ತೆ ರಾಮನ್ ಎಫೆಕ್ಟ್‌ನಲ್ಲಿ ನಾವು ನೋಡೋದೂ ಅದೇ ಥರದ ಕಂಪನಾನೇ. ಹಡಗಿನ ಮೇಲೆ ನಿಂತಾಗ ಅವರಿಗೆ ಇದು ಗೊತ್ತಿರೋಕೆ ಸಾಧ್ಯ ಇರ್ಲಿಲ್ಲ ಬಿಡಿ.

ಅಸಲಿ ಕಥೆ ಶುರು ಆಗೋದು ಆಮೇಲೆ, ಮತ್ತೆ ಅದು ಏಳು ವರ್ಷ ಎಳೆಯುತ್ತೆ.

ಅದಕ್ಕೂ ಮುಂಚೆ ಈ ಮನುಷ್ಯ ಎಲ್ಲಿಂದ ಬಂದ್ರು ಅಂತ ಒಂದು ಸಲ ನೋಡಿ. 1888ರ ನವೆಂಬರ್ 7ಕ್ಕೆ ತಿರುಚಿರಾಪಳ್ಳಿ ಕಡೆ ಹುಟ್ಟಿದ್ದು, ಅಪ್ಪ ವಿಶಾಖಪಟ್ಟಣದಲ್ಲಿ ಕಾಲೇಜ್ ಮೇಷ್ಟ್ರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಲ್ಲಿ ಓದು, 18 ವಯಸ್ಸಿಗೇ ಫಿಲಾಸಫಿಕಲ್ ಮ್ಯಾಗಝೀನ್‌ನಲ್ಲಿ ಪೇಪರ್. ಇಂಗ್ಲೆಂಡಿಗೆ ಕಳಿಸೋಣ ಅಂದ್ರೆ ಈ ದೇಹ ಅಲ್ಲಿಯ ಹವೆಗೆ ತಡೆಯಲ್ಲ ಅಂತ ಡಾಕ್ಟರ್ ಹೇಳಿಬಿಟ್ರು. ವಿಜ್ಞಾನ ಮಾಡಿ ಹೊಟ್ಟೆ ಹೊರೆಯೋ ದಾರಿ ಆಗ ಇಲ್ಲಿ ಇರ್ಲಿಲ್ಲ, ಹಣಕಾಸು ಇಲಾಖೆ ಪರೀಕ್ಷೆ ಬರೆದು 1907ರಲ್ಲಿ ಕಲ್ಕತ್ತಾಗೆ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಹೋದ್ರು. ಅಲ್ಲಿ ಟ್ರಾಮ್‌ನಲ್ಲಿ ಹೋಗ್ತಾ ಬೌಬಜಾರ್ ಸ್ಟ್ರೀಟ್ 210ನೇ ನಂಬರಿನ ಬಿಲ್ಡಿಂಗ್ ಮೇಲೆ ಒಂದು ಬೋರ್ಡ್ ಕಣ್ಣಿಗೆ ಬಿತ್ತು, ಇಂಡಿಯನ್ ಅಸೋಸಿಯೇಷನ್ ಫಾರ್ ದ ಕಲ್ಟಿವೇಷನ್ ಆಫ್ ಸೈನ್ಸ್. ಮಹೇಂದ್ರಲಾಲ್ ಸರ್ಕಾರ್ ಅನ್ನೋ ಡಾಕ್ಟರ್ 1876ರಲ್ಲಿ ಕಟ್ಟಿದ್ದು, ಅವರ ಆಸೆ ಏನೋ ದೊಡ್ಡದು ಆದ್ರೆ ಅಲ್ಲಿ ಕೂತು ಸಂಶೋಧನೆ ಮಾಡೋರು ಇರ್ಲಿಲ್ಲ. ರಾಮನ್ ಹೋಗಿ ಕೇಳಿದ್ರು, ಬೀಗದ ಕೈ ಸಿಕ್ತು ಅಂತಾನೇ ಅನ್ಕೊಳ್ಳಿ. ಬೆಳಗ್ಗೆ ಆಫೀಸಿಗೆ ಮುಂಚೆ ಲ್ಯಾಬು, ಸಂಜೆ ಆಫೀಸು ಮುಗಿಸಿ ಮತ್ತೆ ಲ್ಯಾಬು, ಹೀಗೆ ಹತ್ತು ವರ್ಷ. ನಡುವೆ ರಂಗೂನ್‌ಗೆ, ನಾಗಪುರಕ್ಕೆ ವರ್ಗ ಬೇರೆ.

ಆ ಹತ್ತು ವರ್ಷ ಅವರು ಮಾಡಿದ್ದು ಹೆಚ್ಚಾಗಿ ಬೆಳಕಿನ ಕೆಲಸ ಅಲ್ಲ, ಶಬ್ದದ ಕೆಲಸ. ಪಿಟೀಲು, ವೀಣೆ, ತಂಬೂರಿ, ಮೃದಂಗ. ಯಾರೂ ಇದನ್ನ ಭಾಷಣದಲ್ಲಿ ಹೇಳಲ್ಲ, ನನಗೆ ಮಾತ್ರ ರಾಮನ್ ಕೆಲಸದಲ್ಲೆಲ್ಲ ಇದೇ ತುಂಬಾ ಇಷ್ಟ. ಸುಮ್ನೆ ಬಿಗಿದ ಚರ್ಮದ ಮೇಲೆ ಹೊಡೆದ್ರೆ ಬರೋ ಸ್ವರಗಳು ಒಂದಕ್ಕೊಂದು ಹೊಂದಲ್ಲ, ಮೂಲ ಸ್ವರ 1 ಅಂದ್ರೆ ಮುಂದಿನದು 1.59, ಅದರ ಮುಂದಿನದು 2.14 ಹಿಂಗೆ ಅಡ್ಡಾದಿಡ್ಡಿ, ಅದಕ್ಕೇ ಸಾಮಾನ್ಯ ಡೋಲು ಬರೀ ಸದ್ದು ಮಾಡುತ್ತೆ, ಶ್ರುತಿಗೆ ನಿಲ್ಲಲ್ಲ. ಮೃದಂಗದ ಬಲಗಡೆ ನಡುವೆ ಹಚ್ಚಿರೋ ಆ ಕಪ್ಪು ಕರಣೆ ಇದೆಯಲ್ಲ, ಅದರ ಭಾರದಿಂದ ಈ ಅಡ್ಡಾದಿಡ್ಡಿ ಸ್ವರಗಳು 1, 2, 3, 4, 5 ಅಂತ ಸಾಲಾಗಿ ನಿಂತ್ಕೊಳ್ತವೆ ಅಂತ ರಾಮನ್ ಅಳೆದು ತೋರಿಸಿದ್ರು, 1920ರಲ್ಲಿ ನೇಚರ್‌ನಲ್ಲಿ ಬಂತು. ಗಣಿತ ಗೊತ್ತಿಲ್ದೇ ಕಿವಿ ಮೇಲೆ ನಂಬಿಕೆ ಇಟ್ಟು ತಲೆತಲಾಂತರದಿಂದ ಆ ಕರಣೆ ಹಾಕ್ಕೊಂಡು ಬಂದವರ ಬಗ್ಗೆ ಒಂದು ಕ್ಷಣ ಯೋಚನೆ ಮಾಡಿ.

ಸರಿ, ವಿಷಯಕ್ಕೆ ಬರ್ತೀನಿ. 1917ರಲ್ಲಿ ಅಶುತೋಷ್ ಮುಖರ್ಜಿ ಕರೆದು ಕಲ್ಕತ್ತಾ ಯೂನಿವರ್ಸಿಟಿಯಲ್ಲಿ ಪಾಲಿತ್ ಪ್ರೊಫೆಸರ್ ಹುದ್ದೆ ಕೊಟ್ರು, ಸರ್ಕಾರಿ ಸಂಬಳ ಹೆಚ್ಚುಕಮ್ಮಿ ಅರ್ಧಕ್ಕಿಳೀತು, ಆದ್ರೂ ಹೋದ್ರು. ಹಡಗಿಂದ ಇಳಿದ ಮೇಲೆ ಇಡೀ ಗುಂಪು ದ್ರವಗಳಲ್ಲಿ ಬೆಳಕು ಹೇಗೆ ಚದುರುತ್ತೆ ಅಂತ ನೋಡೋಕೆ ಶುರು ಮಾಡ್ತು. 1923ರಲ್ಲಿ ಕೆ.ಆರ್. ರಾಮನಾಥನ್ ಅನ್ನೋ ಶಿಷ್ಯ ಒಂದು ವಿಚಿತ್ರ ಗಮನಿಸಿದ್ರು: ಶುದ್ಧ ನೀರಿನ ಮೇಲೆ ನೇರಳೆ ಬೆಳಕು ಬಿಟ್ರೆ ಚದುರಿ ಬರೋದ್ರಲ್ಲಿ ನೇರಳೆ ಜೊತೆಗೆ ಇರಬಾರದ ಬೇರೆ ಬಣ್ಣದ ಎಳೆಯೂ ಮಂಕಾಗಿ ಇದೆ. ಅದಕ್ಕೆ ಅವರು ಕೊಟ್ಟ ಹೆಸರು ದುರ್ಬಲ ಫ್ಲೋರೆಸೆನ್ಸ್. ಅಂದ್ರೆ ನೀರಲ್ಲಿ ಏನೋ ಕಲ್ಮಶ ಇದೆ, ಅದು ಬೆಳಕು ನುಂಗಿ ಬೇರೆ ಬಣ್ಣದಲ್ಲಿ ಉಗುಳ್ತಿದೆ ಅಂತ. ಯಾರಾದ್ರೂ ಹಂಗೇ ಅನ್ಕೊಳ್ತಿದ್ರು. ಮತ್ತೆ ಮತ್ತೆ ಶುದ್ಧ ಮಾಡಿದ್ರು, ಹೋಗ್ಲಿಲ್ಲ. ಕೃಷ್ಣನ್ ಬಂದು ಬೇರೆ ದ್ರವಗಳಲ್ಲಿ ನೋಡಿದ್ರು, ಅಲ್ಲೂ ಇದೆ. 1928ರ ಶುರುವಲ್ಲಿ ವೆಂಕಟೇಶ್ವರನ್ ಅನ್ನೋರು ಗ್ಲಿಸರಿನ್ ತಗೊಂಡು ನೋಡಿದ್ರೆ ಸೂರ್ಯನ ಬೆಳಕು ಚದುರಿ ನೀಲಿ ಬದಲು ಹಸಿರಾಗಿ ಹೊಳೀತಿದೆ, ಅದಕ್ಕಿಂತ ಹೆಚ್ಚಾಗಿ ಆ ಹಸಿರು ಪೋಲರೈಸ್ ಆಗಿದೆ. ಇದೇ ನೋಡಿ ಗಂಟು ಬಿಚ್ಚಿದ ಜಾಗ. ಇಂಥ ದ್ರವದಲ್ಲಿ ಮಾಮೂಲಿ ಫ್ಲೋರೆಸೆನ್ಸ್ ಆಗಿದ್ರೆ ಅಷ್ಟು ಬಲವಾಗಿ ಪೋಲರೈಸ್ ಆಗಲ್ಲ, ಅಣು ಬೆಳಕನ್ನ ನುಂಗಿ ಸ್ವಲ್ಪ ಹೊತ್ತು ಇಟ್ಕೊಂಡು ಆ ನಡುವೆ ಅಡ್ಡಾದಿಡ್ಡಿ ತಿರುಗಿಬಿಡುತ್ತೆ, ದಿಕ್ಕು ಮರೆತುಹೋಗುತ್ತೆ. ಇದು ದಿಕ್ಕು ಮರೆತಿಲ್ಲ. ಹಾಗಾದ್ರೆ ಇದು ನುಂಗಿ ಉಗುಳಿದ್ದಲ್ಲ, ಚದುರಿದ್ದೇ, ಆದ್ರೆ ಚದುರೋವಾಗ ಬಣ್ಣ ಬದಲಾಗಿದೆ.

ಪಾಪ ವೆಂಕಟೇಶ್ವರನ್‌ಗೆ ಬೇರೆ ಕಡೆ ಕೆಲಸ ಇತ್ತು, ಪ್ರಯೋಗಕ್ಕೆ ಸೂರ್ಯನ ಬೆಳಕು ಬೇಕು, ಹಗಲಲ್ಲಿ ಬರೋಕೆ ರಜಾ ದಿನ ಮಾತ್ರ ಆಗ್ತಿತ್ತು. ಹಾಗಾಗಿ ರಾಮನ್ ಇದನ್ನ ಕೃಷ್ಣನ್ ಕೈಗೆ ಕೊಟ್ರು. ಪ್ರಯೋಗ ಎಷ್ಟು ಸರಳ ಅಂದ್ರೆ, ಬಿಸಿಲನ್ನ ಟೆಲಿಸ್ಕೋಪ್ ಲೆನ್ಸ್‌ನಿಂದ ಒಟ್ಟುಮಾಡಿ ನೀಲಿ ನೇರಳೆ ಮಾತ್ರ ಬಿಡೋ ಒಂದು ಫಿಲ್ಟರ್ ಮೂಲಕ ದ್ರವದೊಳಗೆ ಬಿಡೋದು, ಕಣ್ಣಿನ ಮುಂದೆ ಆ ಬಣ್ಣವನ್ನ ಪೂರ್ತಿ ತಡೆಯೋ ಇನ್ನೊಂದು ಫಿಲ್ಟರ್ ಹಿಡಿಯೋದು. ಬಣ್ಣ ಬದಲಾಗದಿದ್ರೆ ಕಗ್ಗತ್ತಲು ಕಾಣ್ಬೇಕು. ಕತ್ತಲಾಗ್ಲಿಲ್ಲ, ಬೆಳಕಿನ ಗೆರೆ ಕಾಣ್ತು. ಅರವತ್ತರಷ್ಟು ಬೇರೆ ಬೇರೆ ದ್ರವ ಹಾಕಿ ನೋಡಿದ್ರು, ಎಲ್ಲದ್ರಲ್ಲೂ ಕಂಡಿತು. ಅರವತ್ತು ಬಾಟಲಿಯಲ್ಲೂ ಒಂದೇ ಕಲ್ಮಶ ಇರೋಕೆ ಹೇಗೆ ಸಾಧ್ಯ! ಫೆಬ್ರವರಿ 16ಕ್ಕೆ ನೇಚರ್‌ಗೆ ಪತ್ರ, ರಾಮನ್ ಮತ್ತು ಕೃಷ್ಣನ್ ಇಬ್ಬರ ಹೆಸರಲ್ಲಿ. ಫೆಬ್ರವರಿ 28ಕ್ಕೆ ಬೆಳಕಿನ ಬಣ್ಣಗಳನ್ನ ಬಿಡಿಸಿ ತೋರಿಸೋ, ಕೈಯಲ್ಲಿ ಹಿಡಿಯೋ ಸ್ಪೆಕ್ಟ್ರೋಸ್ಕೋಪ್‌ನಲ್ಲಿ ನೋಡಿದಾಗ ಮೂಲ ಬೆಳಕಿನಿಂದ ಬೇರೆಯಾಗಿ ಹೊಸ ಬೆಳಕು ಸ್ಪಷ್ಟವಾಗಿ ಕಾಣಿಸ್ತು. ಅದೇ ಈಗಿನ ವಿಜ್ಞಾನ ದಿನ. ಮಾರ್ಚ್ 16ಕ್ಕೆ ಅದರ ಬಗ್ಗೆ ಮೊದಲ ದೊಡ್ಡ ಉಪನ್ಯಾಸ ಕೊಟ್ಟಿದ್ದು ನಮ್ಮ ಬೆಂಗಳೂರಲ್ಲಿ, ಇದು ಎಷ್ಟು ಜನಕ್ಕೆ ಗೊತ್ತು?

ಆಗಿದ್ದೇನು ಅಂದ್ರೆ, ಅಣುವಿನೊಳಗೆ ಪರಮಾಣುಗಳು ಸ್ಪ್ರಿಂಗಿಗೆ ಕಟ್ಟಿದ ಗುಂಡುಗಳ ಥರ ಅಲುಗಾಡ್ತಾನೇ ಇರ್ತವೆ, ಪ್ರತಿ ಅಣುವಿಗೂ ಅದರದ್ದೇ ಲೆಕ್ಕದ ಕಂಪನ. ಬಂದ ಬೆಳಕು ಹೆಚ್ಚಿನಂಶ ಹೆಂಗೆ ಬಂತೋ ಹಂಗೇ ಚದುರಿ ಹೋಗುತ್ತೆ. ಸುಮಾರು ಕೋಟಿಗೆ ಒಂದು ಫೋಟಾನ್, ಅಂದ್ರೆ ಬೆಳಕಿನ ಕಣ ಮಾತ್ರ ಆ ಕಂಪನಕ್ಕೆ ತನ್ನ ಶಕ್ತಿ ಸ್ವಲ್ಪ ಕೊಟ್ಟು ಬಡವಾಗಿ ಬರುತ್ತೆ, ಇಲ್ಲಾ ಈಗಾಗ್ಲೇ ಕಂಪಿಸ್ತಿರೋ ಅಣುವಿಂದ ಸ್ವಲ್ಪ ಕಸ್ಕೊಂಡು ಬರುತ್ತೆ. ಎಷ್ಟು ಕೊಟ್ತು ಅನ್ನೋದೇ ಆ ಅಣುವಿನ ಗುರುತು. ನಮ್ಮ ಲ್ಯಾಬಲ್ಲಿ 532 ನ್ಯಾನೋಮೀಟರಿನ ಹಸಿರು ಲೇಸರ್ ನೀರಿಗೆ ಬಿಟ್ರೆ ಸುಮಾರು 650ರ ಹತ್ರ ಕೆಂಪಲ್ಲಿ ನೀರಿನ ಗುರುತು ಬರುತ್ತೆ, ಅದೇ ಲೇಸರ್ ವಜ್ರಕ್ಕೆ ಬಿಟ್ರೆ 573ರ ಹತ್ರ ಹಳದಿಯಲ್ಲಿ ಚೂಪಾದ ಒಂದೇ ಗೆರೆ. ಸ್ಯಾಂಪಲ್ ಮುಟ್ಬೇಕಾಗಿಲ್ಲ, ಕರಗಿಸ್ಬೇಕಾಗಿಲ್ಲ, ಬೆಳಕು ಬಿಟ್ರೆ ಸಾಕು ಒಳಗಿರೋದು ಯಾವ ಅಣು ಅಂತ ಗೊತ್ತಾಗುತ್ತೆ. ಜೊತೆಗೆ ಬೆಳಕು ಶಕ್ತಿಯ ತುಣುಕುಗಳಾಗಿ ವ್ಯವಹಾರ ಮಾಡುತ್ತೆ ಅನ್ನೋದಕ್ಕೆ ಕಾಂಪ್ಟನ್ ಅನ್ನೋ ವಿಜ್ಞಾನಿ ಎಕ್ಸ್‌ರೇನಲ್ಲಿ ತೋರಿಸಿದ ಹಾಗೆ ಇದು ಕಣ್ಣಿಗೆ ಕಾಣೋ ಬೆಳಕಲ್ಲೇ ಪುರಾವೆ ಕೊಟ್ಟಿತು. 1930ರ ನೊಬೆಲ್ ಬಂದಿದ್ದು ಇದಕ್ಕೆ, ಬೆಳಕಿನ ಚದುರುವಿಕೆಯ ಕೆಲಸ ಮತ್ತು ಅವರ ಹೆಸರಿನ ಎಫೆಕ್ಟ್ ಕಂಡುಹಿಡಿದಿದ್ದಕ್ಕೆ ಅಂತ.

ಈಗ ಕೃಷ್ಣನ್ ಪ್ರಶ್ನೆ. ಮೋಸ ಆಯ್ತು ಅಂತ ನಾನು ಹೇಳಲ್ಲ, ಏನೂ ಆಗಿಲ್ಲ ಅಂತಾನೂ ಹೇಳಲ್ಲ. ನಿರ್ಣಾಯಕ ದಿನಗಳಲ್ಲಿ ಕಣ್ಣಿಟ್ಟು ನೋಡಿದ್ದು ಹೆಚ್ಚಾಗಿ ಕೃಷ್ಣನ್ನೇ, ಮೊದಲ ಪತ್ರದಲ್ಲಿ ಅವರ ಹೆಸರಿದೆ. ಆದ್ರೆ ಈ ಕಲ್ಮಶ ಕಲ್ಮಶ ಅಲ್ಲ, ಬಿಡ್ಬೇಡಿ ಅಂತ ಐದು ವರ್ಷ ಒಬ್ಬರಾದ ಮೇಲೆ ಒಬ್ಬರನ್ನ ಅದೇ ಪ್ರಶ್ನೆಗೆ ಹಚ್ಚಿದ್ದು ರಾಮನ್. ನೊಬೆಲ್ ಭಾಷಣದಲ್ಲಿ ರಾಮನಾಥನ್, ವೆಂಕಟೇಶ್ವರನ್, ಕೃಷ್ಣನ್ ಮೂವರ ಹೆಸರನ್ನೂ ಹೇಳಿದ್ದಾರೆ. ಬಹುಮಾನ ಹಂಚಿದ್ರೆ ಚೆನ್ನಾಗಿರ್ತಿತ್ತು ಅಂತ ನನಗೂ ಅನ್ಸುತ್ತೆ. ಕೃಷ್ಣನ್ ಏನು ಮೂಲೆಗುಂಪಾಗ್ಲಿಲ್ಲ, ಕ್ರಿಸ್ಟಲ್‌ಗಳ ಮ್ಯಾಗ್ನೆಟಿಸಂ ಮೇಲೆ ದೊಡ್ಡ ಕೆಲಸ ಮಾಡಿ ಎಫ್‌ಆರ್‌ಎಸ್, ಅಂದ್ರೆ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದ್ರು, ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಮೊದಲ ಡೈರೆಕ್ಟರ್ ಅವರೇ. ಅಸಲಿಗೆ ಜಾಸ್ತಿ ನೋವಾಗಿರ್ಬೇಕಾದ್ದು ಮಾಸ್ಕೋದಲ್ಲಿದ್ದ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್‌ಗೆ, ಅವರೂ ಅದೇ 1928ರ ಫೆಬ್ರವರಿಯಲ್ಲಿ ಸ್ಫಟಿಕ ಶಿಲೆಯಲ್ಲಿ ಇದೇ ಎಫೆಕ್ಟ್ ಕಂಡಿದ್ರು, ಸ್ವತಂತ್ರವಾಗಿ, ಆದ್ರೆ ಪ್ರಕಟಿಸೋದು ತಡ ಆಯ್ತು. ರಷ್ಯನ್ನರು ಇವತ್ತಿಗೂ ಇದನ್ನ ರಾಮನ್ ಅನ್ನದೆ ಕಾಂಬಿನೇಷನ್ ಸ್ಕ್ಯಾಟರಿಂಗ್ ಅಂತಾರೆ. ಆಸ್ಟ್ರಿಯಾದ ಸ್ಮೆಕಲ್ 1923ರಲ್ಲೇ ಹೀಗಾಗ್ಬಹುದು ಅಂತ ಥಿಯರಿಯಲ್ಲಿ ಬರೆದಿದ್ರು.

ಬೆಂಗಳೂರಿನ ಕಾಲದ ಬಗ್ಗೆ ಎರಡು ಮಾತು ಹೇಳ್ಬೇಕು, ಭಾಷಣಗಳಲ್ಲಿ ಇದನ್ನ ಮುಚ್ಚಿಡ್ತಾರೆ. 1933ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದ್ರೆ ಐಐಎಸ್ಸಿಗೆ ಮೊದಲ ಭಾರತೀಯ ಡೈರೆಕ್ಟರ್ ಆಗಿ ಬಂದ್ರು, ನಾಲ್ಕೇ ವರ್ಷಕ್ಕೆ ಜಗಳ ಆಗಿ ಡೈರೆಕ್ಟರ್ ಸ್ಥಾನ ಬಿಟ್ರು, ಪ್ರೊಫೆಸರ್ ಆಗಿ 1948ರ ತನಕ ಇದ್ರು. ಮಾತು ಖಡಕ್, ಎದುರಾಳಿಗೆ ಜಾಗ ಕೊಡೋ ಸ್ವಭಾವ ಅಲ್ಲ. ಕಮಲಾ ಸೊಹೊನಿ ಸೀಟ್ ಕೇಳಿದಾಗ ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ಬೇಡ ಅಂದ್ರು, ಆಯಮ್ಮ ಬಿಡ್ಲಿಲ್ಲ, ಕೊನೆಗೆ ಒಂದು ವರ್ಷ ನೋಡ್ತೀವಿ ಅನ್ನೋ ಷರತ್ತಿನ ಮೇಲೆ ಸೇರಿಸಿಕೊಂಡ್ರು, ಮುಂದೆ ಅವರು ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಮಾಡಿದ್ರು. ಆಮೇಲೆ ರಾಮನ್ ತಮ್ಮ ಲ್ಯಾಬಿಗೇ ಹೆಣ್ಣುಮಕ್ಕಳನ್ನ ತಗೊಂಡ್ರು, ಅಣ್ಣಾ ಮಣಿ ವಜ್ರ, ಮಾಣಿಕ್ಯದ ಬೆಳಕಿನ ಮೇಲೆ ಐದು ಪೇಪರ್ ಬರೆದ್ರು, ಆದ್ರೆ ಎಂಎಸ್ಸಿ ಇಲ್ಲ ಅಂತ ಯೂನಿವರ್ಸಿಟಿ ಪಿಎಚ್‌ಡಿ ಕೊಡ್ಲೇ ಇಲ್ಲ. ಹರಳುಗಳ ಕಂಪನದ ಥಿಯರಿ ವಿಷಯದಲ್ಲಿ ಜರ್ಮನಿಯ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಜೊತೆ ವರ್ಷಗಟ್ಟಲೆ ಹಠಕ್ಕೆ ಬಿದ್ರು, ಅಲ್ಲಿ ರಾಮನ್ನೇ ತಪ್ಪು. ಅದೇ ಹಠ, ಕಲ್ಕತ್ತಾದಲ್ಲಿ ಬಹುಮಾನ ತಂದಿದ್ದು ಇಲ್ಲಿ ಕೈಕೊಟ್ಟಿತು. ಹಾಗಂತ ಬೆಂಗಳೂರಲ್ಲಿ ಸುಮ್ನಿರ್ಲಿಲ್ಲ: 1934ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ನಾಗೇಂದ್ರನಾಥ್ ಜೊತೆ ಶಬ್ದದ ಅಲೆಯಿಂದ ಬೆಳಕು ಹೇಗೆ ಬಾಗುತ್ತೆ ಅನ್ನೋ ಥಿಯರಿ, ಆಮೇಲೆ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್. ಪ್ರೋಟೀನ್ ರಚನೆಯ ಕೆಲಸಕ್ಕೆ ಹೆಸರಾದ ಜಿ.ಎನ್. ರಾಮಚಂದ್ರನ್ ಇವರ ಶಿಷ್ಯ, ಹೋಮಿ ಭಾಭಾ, ವಿಕ್ರಮ್ ಸಾರಾಭಾಯಿ ಇಬ್ಬರೂ ಇವರ ಲ್ಯಾಬಲ್ಲಿ ಕೆಲಸ ಮಾಡಿದವರೇ. 1970ರ ನವೆಂಬರ್ 21ಕ್ಕೆ ತೀರ್ಕೊಂಡಾಗ ತಮ್ಮ ಇನ್‌ಸ್ಟಿಟ್ಯೂಟ್ ತೋಟದಲ್ಲೇ ದಹನ ಆಯ್ತು, ಆ ಜಾಗದಲ್ಲಿ ಒಂದು ಮರ ಇದೆ, ಸಮಾಧಿ ಇಲ್ಲ.

ಉಪಯೋಗದ ವಿಷಯ. ಕೋಟಿಗೆ ಒಂದು ಫೋಟಾನ್ ಅಂದ್ನಲ್ಲ, ಅದಕ್ಕೇ ಮರ್ಕ್ಯುರಿ ದೀಪದ ಕಾಲದಲ್ಲಿ ಒಂದು ಸ್ಪೆಕ್ಟ್ರಮ್‌ಗೆ ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ ಫೋಟೋ ಪ್ಲೇಟ್ ಇಡ್ಬೇಕಿತ್ತು, ಎರಡನೇ ಮಹಾಯುದ್ಧದ ನಂತರ ಅಣುವಿನ ಕಂಪನವನ್ನ ಇದಕ್ಕಿಂತ ಸುಲಭವಾಗಿ ಅಳೆಯೋ ಇನ್‌ಫ್ರಾರೆಡ್ ಮಷೀನುಗಳು ಬಂದು ರಾಮನ್ ಎಫೆಕ್ಟ್ ಮೂಲೆಗೆ ಸೇರ್ತು. 1960ರಲ್ಲಿ ಲೇಸರ್ ಬಂದಿದ್ದೇ ಜೀವ ಬಂತು. ಈಗ ಕೈಯಲ್ಲಿ ಹಿಡಿಯೋ ಸೈಜಿನ ರಾಮನ್ ಯಂತ್ರ ಇದೆ, ಔಷಧ ಕಂಪನಿಯವರು ಚೀಲ ಬಿಚ್ಚದೇ ಕಚ್ಚಾ ಪದಾರ್ಥ ಸರಿ ಇದೆಯಾ ಅಂತ ನೋಡ್ತಾರೆ, ಪೊಲೀಸರು ಡ್ರಗ್ಸ್ ಹಿಡೀತಾರೆ, ಕೆಲವು ಏರ್‌ಪೋರ್ಟ್‌ಗಳಲ್ಲಿ ಬಾಟಲಿ ಮುಚ್ಚಳ ತೆಗೀದೇ ಒಳಗಿನ ದ್ರವ ಪತ್ತೆ ಮಾಡ್ತಾರೆ. ಒರಟಾದ ಬೆಳ್ಳಿ ಮೇಲೆ ಅಣು ಕೂರಿಸಿದ್ರೆ ಸಿಗ್ನಲ್ ಲಕ್ಷಪಟ್ಟು ಜಾಸ್ತಿ ಆಗುತ್ತೆ ಅಂತ 1970ರ ದಶಕದಲ್ಲಿ ಗೊತ್ತಾಯ್ತು, ಅದೇ ಒಂದು ದೊಡ್ಡ ಕ್ಷೇತ್ರ. ಗ್ರಾಫೀನ್, ಅಂದ್ರೆ ಇಂಗಾಲದ ಪರಮಾಣುಗಳ ತೆಳು ಹಾಳೆ, ಒಂದೇ ಪದರ ಇದೆಯಾ ಎರಡಿದೆಯಾ ಅಂತ ಹೇಳೋಕೆ ಎಲ್ಲರೂ ಮೊದಲು ಓಡೋದು ರಾಮನ್ ಮಷೀನ್ ಹತ್ರ. 2021ರಲ್ಲಿ ಮಂಗಳ ಗ್ರಹದ ಮೇಲೆ ಇಳಿದ ಪರ್ಸಿವಿಯರೆನ್ಸ್ ರೋವರ್‌ನಲ್ಲಿ ಎರಡು ಉಪಕರಣ ರಾಮನ್ ಮಾಡ್ತವೆ.

ಇನ್ನೊಂದು ಯಾರ ಕಣ್ಣಿಗೂ ಬೀಳಲ್ಲ. ಆಪ್ಟಿಕಲ್ ಫೈಬರ್‌ನಲ್ಲಿ ದೂರ ಹೋದಂಗೆ ಸಿಗ್ನಲ್ ಸೊರಗುತ್ತೆ, ಅದಕ್ಕೆ ಸ್ವಲ್ಪ ಕಡಿಮೆ ತರಂಗಾಂತರದ ಪ್ರಬಲ ಲೇಸರ್ ಅದೇ ಫೈಬರಿಗೆ ಬಿಟ್ರೆ ಗಾಜಿನ ಕಂಪನದ ಮೂಲಕ ಶಕ್ತಿ ಸಿಗ್ನಲ್‌ಗೆ ವರ್ಗ ಆಗುತ್ತೆ, ಇದು ರಾಮನ್ ಆಂಪ್ಲಿಫೈಯರ್. ಹಾಗೇ ಸುರಂಗದ ಉದ್ದಕ್ಕೂ ಎಳೆದ ಒಂದೇ ಫೈಬರ್‌ನಲ್ಲಿ ಎಲ್ಲಿ ಬಿಸಿಯಾಗಿದೆ ಅಂತ ಮೀಟರ್ ಲೆಕ್ಕದಲ್ಲಿ ಹೇಳ್ಬಹುದು, ಯಾಕಂದ್ರೆ ಬಿಸಿ ಗಾಜಲ್ಲಿ ಕಂಪಿಸ್ತಿರೋ ಅಣು ಜಾಸ್ತಿ, ಶಕ್ತಿ ಕಸ್ಕೊಂಡು ಬರೋ ಫೋಟಾನೂ ಜಾಸ್ತಿ, ಕೊಟ್ಟು ಬಂದಿದ್ದಕ್ಕೂ ಕಸ್ಕೊಂಡು ಬಂದಿದ್ದಕ್ಕೂ ಅನುಪಾತ ತಗೊಂಡ್ರೆ ಟೆಂಪರೇಚರ್ ಸಿಕ್ತು. ಬೆಂಕಿ ಎಲ್ಲಿ ಹತ್ತಿದೆ ಅಂತ ಹೀಗೇ ಕಂಡುಹಿಡೀತಾರೆ.

ಪ್ರಾಜೆಕ್ಟ್ ಬಗ್ಗೆ ಕೇಳಿದ್ರಿ. ಮಾಡಿ, ಆದ್ರೆ ಒಂದು ವಿಷಯಕ್ಕೆ ತಯಾರಾಗಿರಿ. ನಮ್ಮಲ್ಲಿಗೆ ಬರೋ ಹೊಸ ಹುಡುಗರು ಮೊದಲ ವಾರ ಬಂದು ಹೇಳೋ ಮಾತು ಒಂದೇ, "ಸರ್, ಪೀಕೇ ಕಾಣ್ತಿಲ್ಲ, ಸ್ಯಾಂಪಲ್ ಫ್ಲೋರೆಸ್ ಆಗ್ತಿದೆ, ಏನೋ ಕಲ್ಮಶ ಇರ್ಬೇಕು". ನೂರು ವರ್ಷ ಆದ್ರೂ ಅದೇ ಮಾತು ನೋಡಿ, ಮತ್ತೆ ಹತ್ತರಲ್ಲಿ ಒಂಬತ್ತು ಸಲ ಅವರು ಹೇಳೋದು ಸರೀನೇ ಇರುತ್ತೆ. ಸಂದೇಹ ಬಂದ್ರೆ ಲೇಸರ್ ಬದಲಾಯಿಸಿ ನೋಡಿ, ಹಸಿರಿಂದ ಕೆಂಪಿಗೆ. ಪೀಕ್, ಅಂದ್ರೆ ಅಣುವಿನ ಗುರುತಿನ ಗೆರೆ, ಲೇಸರ್ ಜೊತೆಗೇ ಅಷ್ಟೇ ಅಂತರ ಇಟ್ಕೊಂಡು ಜರುಗಿದ್ರೆ ಅದು ರಾಮನ್, ಇದ್ದ ತರಂಗಾಂತರದಲ್ಲೇ ಕೂತಿದ್ರೆ ಫ್ಲೋರೆಸೆನ್ಸ್. ಹಾಗಾಗಿ ಎಲ್ಲಿ ಪ್ರಾಜೆಕ್ಟ್ ಕೇಳಿದ್ರೂ ಮೊದಲು ವಿಚಾರಿಸಿ, ಅವರ ಮಷೀನಲ್ಲಿ ಎರಡು ಲೇಸರ್ ಇದೆಯಾ ಅಂತ.